ಕಾಗದದ ಸ್ಟೀಮರ್ ಮಾಡುವುದಾದರೆ ಮೊದಲು ಚಕ್ರ ಮಾಡಿ

ಕಾಗದದಲ್ಲಿ ಹಡಗು ಮಾಡುವವರು ಹೆಚ್ಚಾಗಿ ಒಡಲಿನಿಂದ ಶುರು ಮಾಡುತ್ತಾರೆ. ಮೊದಲು ತಳ, ಆಮೇಲೆ ಪಕ್ಕ, ಆಮೇಲೆ ಡೆಕ್ಕು, ಕೊನೆಗೆ ಚಿಲ್ಲರೆ ಕೆಲಸ. ಬೇರೆ ಹಡಗಿಗೆಲ್ಲ ಅದು ಸರಿಯೇ. ಆದರೆ ಪಕ್ಕದಲ್ಲೋ ಹಿಂದೆಯೋ ದೊಡ್ಡ ಚಕ್ರ ಕಟ್ಟಿಕೊಂಡು ನದಿಯಲ್ಲಿ ಓಡುತ್ತಿದ್ದ ಹಳೆ ಸ್ಟೀಮರ್ ಇದೆಯಲ್ಲ, ಅದಕ್ಕೆ ಈ ಕ್ರಮ ಆಗುವುದಿಲ್ಲ. ನಾನು ಎರಡು ಹಡಗು ಹಾಳು ಮಾಡಿ ಕಲಿತ ಪಾಠ ಇದು. ಎರಡರಲ್ಲೂ ಒಡಲು ಚೆಂದ ಬಂದಿತ್ತು, ಚಕ್ರ ಮಾತ್ರ ಕೂರಲಿಲ್ಲ. ಚಕ್ರ ಕೂರದಿದ್ದರೆ ಉಳಿಯುವುದು ಚಿಮಣಿ ಇರುವ ಒಂದು ಪೆಟ್ಟಿಗೆ, ಅಷ್ಟೆ.

ಇದಕ್ಕೆಲ್ಲ ಚಕ್ರ ಯಾಕೆ ಬೇಕಿತ್ತು ಅಂತ ಕೇಳಿದರೆ, ಬೇಸಿಗೆಯಲ್ಲಿ ನಮ್ಮ ಕಾಸರಗೋಡಿನ ಚಂದ್ರಗಿರಿ ಹೊಳೆಯನ್ನು ಒಮ್ಮೆ ನೋಡಿ. ನೀರು ಇಳಿದಾಗ ಕೆಲವು ಕಡೆ ಮರಳು ದಿಬ್ಬ ಮೇಲೆ ಬಂದಿರುತ್ತದೆ. ನೀರಿನಡಿಯಲ್ಲಿ ತಿರುಗುವ ಪಂಖಕ್ಕೆ ಆಳ ಬೇಕು. ಮೇಲಿನ ನೀರನ್ನು ಮಾತ್ರ ಬಡಿಯುವ ಚಕ್ರಕ್ಕೆ ಬೇಡ. ಮಿಸಿಸಿಪ್ಪಿ, ಗಂಗೆ, ಇರಾವತಿ, ಆಸ್ಟ್ರೇಲಿಯಾದ ಮರ್ರೆ ನದಿಗಳಲ್ಲೆಲ್ಲ ಚಪ್ಪಟೆ ತಳದ ಚಕ್ರದ ಹಡಗುಗಳು ಅಷ್ಟು ಕಾಲ ಓಡಿದ್ದಕ್ಕೆ ಇದೇ ದೊಡ್ಡ ಕಾರಣ. ಮಾದರಿ ಮಾಡುವ ನಮಗೂ ಇದರಿಂದ ಲಾಭ ಇದೆ. ತಳ ಚಪ್ಪಟೆ, ಪಕ್ಕ ನೆಟ್ಟಗೆ. ಕಾಗದಕ್ಕೆ ಬಾಗುವುದು ಗೊತ್ತು, ಉಬ್ಬುವುದು ಗೊತ್ತಿಲ್ಲ. ಸಮುದ್ರದ ಹಡಗಿನ ದುಂಡಗಿನ ಹೊಟ್ಟೆ ಮಾಡಲು ಹೊರಟರೆ ಅಳು ಬರುತ್ತದೆ.

ಮೊದಲ ಹಡಗಿಗೆ ರಾಬರ್ಟ್ ಫುಲ್ಟನ್ನಿನ 1807ರ ಸ್ಟೀಮರ್ ಸಾಕು. ಅದು ಅಮೆರಿಕದ ಹಡ್ಸನ್ ನದಿಯಲ್ಲಿ ನ್ಯೂಯಾರ್ಕಿನಿಂದ ಆಲ್ಬನಿಗೆ ಸುಮಾರು 150 ಮೈಲಿಯನ್ನು 32 ಗಂಟೆಯಲ್ಲಿ ಹೋದ ಹಡಗು. ಎಲ್ಲರೂ ಇದನ್ನು ಕ್ಲೆರ್ಮಾಂಟ್ ಅನ್ನುತ್ತಾರೆ, ಆದರೆ ಕ್ಲೆರ್ಮಾಂಟ್ ಎನ್ನುವುದು ಫುಲ್ಟನ್ನಿನ ಪಾಲುದಾರ ಲಿವಿಂಗ್‌ಸ್ಟನ್ನನ ಜಮೀನಿನ ಹೆಸರು. ಹಡಗಿನ ಹೆಸರು ನಾರ್ತ್ ರಿವರ್ ಸ್ಟೀಮ್‌ಬೋಟ್. ಹಡ್ಸನ್ನಿಗೆ ಆಗ ನಾರ್ತ್ ರಿವರ್ ಅಂತಲೂ ಹೆಸರಿತ್ತು. ಇದನ್ನು ಯಾಕೆ ಹೇಳಿದೆ ಅಂದರೆ, ಹಡಗಿನ ಮೇಲೆ ಕ್ಲೆರ್ಮಾಂಟ್ ಅಂತ ಬರೆದು ಅಂಟಿಸಿದ ಮೇಲೆ ಕೀಳುವುದು ಕಷ್ಟ. ನಾನು ಕಿತ್ತಿದ್ದೇನೆ.

ಈ ಹಡಗು ಸುಲಭ ಅಂತ ಆರಿಸಿದ್ದು. ಮೂರು ಅಂತಸ್ತು ಇಲ್ಲ, ಕಟಾಂಜನ ಇಲ್ಲ, ಕಸೂತಿ ಇಲ್ಲ. ಸಪೂರ ಉದ್ದನೆಯ ಒಡಲು, ಒಂದು ಚಿಮಣಿ, ಎರಡು ಕಂಬ, ಎರಡು ಪಕ್ಕದಲ್ಲಿ ತೆರೆದ ಚಕ್ರ. ಮೊದಲಿಗೆ ಆ ಚಕ್ರಗಳಿಗೆ ಮುಚ್ಚಳವೂ ಇರಲಿಲ್ಲ. ಅಂದರೆ ನೀವು ಪಟ್ಟ ಕಷ್ಟವೆಲ್ಲ ಕಣ್ಣಿಗೆ ಕಾಣುತ್ತದೆ.

ಅಳತೆ 1:100, ಅಂದರೆ ನಿಜ ಹಡಗಿನ ನೂರನೇ ಒಂದು ಭಾಗ, ಇಟ್ಟುಕೊಳ್ಳಿ. ಜರ್ಮನಿಯ ಕಾಗದದ ಹಡಗುಗಳು ಸಾಮಾನ್ಯವಾಗಿ 1:250ರಲ್ಲಿ ಬರುತ್ತವೆ, ಆದರೆ ಆ ಅಳತೆಯಲ್ಲಿ ಈ ಹಡಗಿನ ಚಕ್ರ 18 ಮಿ.ಮೀ. ಆಗುತ್ತದೆ. ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಮೊದಲ ಸಲಕ್ಕೆ ಬೇಡ. 1:100ರಲ್ಲಿ ಲೆಕ್ಕವೂ ಬಾಯಲ್ಲೇ ಆಗುತ್ತದೆ, ಒಂದು ಅಡಿ ಅಂದರೆ 3 ಮಿ.ಮೀ.ಗೆ ಚೂರು ಜಾಸ್ತಿ. ಹಡಗಿನ ಉದ್ದ ಸುಮಾರು 150 ಅಡಿ, ಅದು 457 ಮಿ.ಮೀ. ಆಯಿತು. ಚಕ್ರದ ಅಡ್ಡಳತೆ 15 ಅಡಿ, 46 ಮಿ.ಮೀ. ಚಕ್ರದ ಅಗಲ 4 ಅಡಿ, 12 ಮಿ.ಮೀ. ಒಡಲಿನ ಆಳ 7 ಅಡಿ, ಅದರಲ್ಲಿ ನೀರಿನೊಳಗೆ ಇದ್ದದ್ದು ಎರಡು ಅಡಿಗೆ ಸ್ವಲ್ಪ ಹೆಚ್ಚು. ಒಡಲಿನ ಅಗಲ ಮೊದಲು ತೀರಾ ಕಡಿಮೆ ಇತ್ತು, ಆಮೇಲೆ ಅಗಲ ಮಾಡಿಸಿದರು. ನಾನು ಮೊದಲಿನ ರೂಪಕ್ಕೆ 40 ಮಿ.ಮೀ. ಇಟ್ಟೆ.

ನಾವು ಮಾಡುವುದು ನೀರಿನ ಮಟ್ಟದಿಂದ ಮೇಲಿನ ಭಾಗ ಮಾತ್ರ. ಹಾಗಾಗಿ ಒಡಲಿನ ಎತ್ತರ 15 ಮಿ.ಮೀ. ಸಾಕು.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. 200 ಜಿಎಸ್ಎಂ (ಒಂದು ಚದರ ಮೀಟರಿಗೆ 200 ಗ್ರಾಂ ತೂಗುವ) ಕಾರ್ಡ್ ಶೀಟ್ ನಾಲ್ಕು, ಮಾಮೂಲಿ ಎ4 ಕಾಗದ, ನೋಟ್‌ಬುಕ್ಕಿನ ಹಿಂದಿನ ರಟ್ಟು, ಕಟ್ಟರ್ ಮತ್ತು ಹೊಸ ಬ್ಲೇಡು, ಸ್ಟೀಲ್ ಸ್ಕೇಲು, ಕೈವಾರ, ಫೆವಿಕಾಲ್, ಒಂದು ಚಿಕ್ಕ ಟ್ಯೂಬ್ ಫೆವಿಕ್ವಿಕ್, ಹಲ್ಲುಕಡ್ಡಿ, ಇಂಕು ಮುಗಿದ ಬಾಲ್ ಪೆನ್ನು. ಪೆನ್ನು ಮಡಿಕೆಗೆ ಗೆರೆ ಒತ್ತಲಿಕ್ಕೆ. ಸ್ಟೇಷನರಿ ಅಂಗಡಿಯಲ್ಲಿ ಸುಮ್ನೆ ದಪ್ಪ ಕಾಗದ ಅಂತ ಕೇಳಿದರೆ ಬಣ್ಣದ ಚಾರ್ಟ್ ಪೇಪರ್ ಸುತ್ತಿ ಕೊಡುತ್ತಾರೆ. ಅದು ಬೇಡ, ಕತ್ತರಿಸಿದ ಅಂಚಿನಲ್ಲಿ ಜುಂಗು ಬರುತ್ತದೆ. ಮನೆಯಲ್ಲಿ ಹಳೆ ಮದುವೆ ಕಾಗದಗಳ ಕಟ್ಟು ಇದ್ದರೆ ಅದರಲ್ಲಿ ನಯವಾದ ದಪ್ಪ ಕಾಗದ ಸಿಗುತ್ತದೆ. ಹಿಂದಿನ ಬಿಳಿ ಬದಿ ಉಪಯೋಗಿಸಿ.

ಮೈದಾ ಅಂಟು ಬೇಡ. ನನ್ನ ಮೊದಲ ಹಡಗು ಮೈದಾ ಅಂಟಿನದ್ದು. ಮಳೆಗಾಲದ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಜಿರಳೆಗಳು ಅದರ ಒಂದು ಬದಿ ಪೂರ್ತಿ ತಿಂದು ತೇಗಿದ್ದವು. ಹಿಂದೆ ಪುಸ್ತಕ ಕಟ್ಟುವವರು ಅಂಟಿಗೆ ಮೈಲುತುತ್ತು ಸೇರಿಸುತ್ತಿದ್ದರು, ಹುಳ ಹತ್ತದಿರಲಿ ಅಂತ. ಅಡಕೆಗೆ ಬೋರ್ಡೋ ಔಷಧಿ ಹೊಡೆಯುವ ಮನೆಗಳಲ್ಲಿ ಅದು ಹೇಗೂ ಇರುತ್ತದೆ. ಆದರೆ ವಿಷ. ಬೆರಳಿಗೆ ಅಂಟು ಮೆತ್ತಿಕೊಂಡೇ ಮಾಡುವ ಕೆಲಸಕ್ಕೆ, ಅದೂ ಮಕ್ಕಳು ಪಕ್ಕದಲ್ಲಿ ಕೂತಿರುವಾಗ, ಅದನ್ನು ತರಲೇಬೇಡಿ.

ಕತ್ತರಿಸುವ ಮೊದಲು ಕಾಗದದ ಎಳೆ ಯಾವ ಕಡೆ ಓಡುತ್ತದೆ ಅಂತ ನೋಡಬೇಕು. ಇದನ್ನು ಹಾರಿಸಿದರೆ ನಮ್ಮ ಕಾಸರಗೋಡಿನ ಮಳೆಗಾಲ ನಿಮಗೆ ಪಾಠ ಕಲಿಸುತ್ತದೆ. ಒಂದೇ ಹಾಳೆಯಿಂದ ಉದ್ದಕ್ಕೊಂದು, ಅಡ್ಡಕ್ಕೊಂದು ಪಟ್ಟಿ ಕತ್ತರಿಸಿ ತುದಿ ಹಿಡಿದು ನಿಲ್ಲಿಸಿ. ಜಾಸ್ತಿ ಬಾಗಿದ್ದು ಎಳೆಗೆ ಅಡ್ಡವಾಗಿ ಕತ್ತರಿಸಿದ ಪಟ್ಟಿ. ತೇವ ಹೀರಿದಾಗ ಕಾಗದ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಎಳೆಯ ಉದ್ದಕ್ಕೆ ಹಿಗ್ಗುವುದು ಬಹಳ ಕಡಿಮೆ. ಹಾಗಾಗಿ ಒಡಲಿನ ಉದ್ದದ ಪಟ್ಟಿಗಳಲ್ಲಿ ಎಳೆ ಉದ್ದಕ್ಕೇ ಇರಲಿ. ಚಿಮಣಿ ಸುರುಳಿ ಸುತ್ತುವಾಗಲೂ ಎಳೆ ಚಿಮಣಿಯ ಎತ್ತರದ ದಿಕ್ಕಿನಲ್ಲಿ ಇರಬೇಕು, ಇಲ್ಲದಿದ್ದರೆ ಸುತ್ತುವಾಗ ಕಾಗದ ಮುರಿದು ಮೂಲೆ ಮೂಲೆ ಆಗುತ್ತದೆ.

ಈಗ ಚಕ್ರ. ಇದಕ್ಕೆ ಒಂದು ಭಾನುವಾರ ಪೂರ್ತಿ ಇಟ್ಟುಕೊಳ್ಳಿ.

ಮೂರು ಪದರ 200 ಜಿಎಸ್ಎಂ ಕಾಗದ ತೆಳುವಾಗಿ ಫೆವಿಕಾಲ್ ಹಚ್ಚಿ ಒಂದರ ಮೇಲೊಂದು ಅಂಟಿಸಿ, ನಡುವಿನ ಪದರದ ಎಳೆ ಮಾತ್ರ ಅಡ್ಡ ಇರಲಿ. ಮೇಲೆ ಕೆಳಗೆ ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ ಇಡಿ, ಅದಕ್ಕೆ ಫೆವಿಕಾಲ್ ಹಿಡಿಯುವುದಿಲ್ಲ. ಅದರ ಮೇಲೆ ಅಕ್ಕಿ ಡಬ್ಬ ಇಟ್ಟು ರಾತ್ರಿ ಬಿಡಿ. ಬೆಳಿಗ್ಗೆ ಮುಕ್ಕಾಲು ಮಿ.ಮೀ. ದಪ್ಪದ ಗಟ್ಟಿ ಹಲಗೆ ಸಿಗುತ್ತದೆ. ನೂರು ಪಟ್ಟು ಮಾಡಿದರೆ ಏಳೂವರೆ ಸೆಂ.ಮೀ., ಅಂದರೆ ಮೂರು ಇಂಚಿನ ಮರ. ಲೆಕ್ಕಕ್ಕೆ ಸರಿಯಾಗಿಯೇ ಇದೆ, ಅಲ್ವಾ.

ಫುಲ್ಟನ್ನಿನ ಚಕ್ರ ಒಂದೊಂದಕ್ಕೂ ಎಂಟೆಂಟು ಕಡ್ಡಿಗಳ ಎರಡು ಸಾಲು. ಸಾಲಿಗೊಂದರಂತೆ ನಮಗೆ ನಾಲ್ಕು ಬಿಲ್ಲೆ ಬೇಕು. ಹಲಗೆಯ ಮೇಲೆ 46 ಮಿ.ಮೀ. ವೃತ್ತ ಎಳೆದು 45 ಡಿಗ್ರಿಗೊಂದರಂತೆ ಎಂಟು ಕಡ್ಡಿ ಗುರುತು ಮಾಡಿ, ಕಡ್ಡಿಯ ಅಗಲ ಒಂದೂವರೆ ಮಿ.ಮೀ. ನಡುವಿನಿಂದ 16 ಮಿ.ಮೀ. ದೂರದಲ್ಲಿ ಒಂದು ತೆಳು ಬಳೆ ಇರಲಿ, ಅದು ಕಡ್ಡಿಗಳನ್ನು ಹಿಡಿದುಕೊಳ್ಳುತ್ತದೆ. ನಡುವೆ 6 ಮಿ.ಮೀ. ಅಗಲದ ಬೊಟ್ಟು ಬಿಡಿ.

ಕತ್ತರಿಸುವ ಕ್ರಮವೇ ಇಲ್ಲಿ ಮುಖ್ಯ. ಮೊದಲು ನಟ್ಟನಡುವಿನ ತೂತು. ಆಮೇಲೆ ಬಳೆಯೊಳಗಿನ ಎಂಟು ತ್ರಿಕೋನ. ಆಮೇಲೆ ಬಳೆಯ ಹೊರಗಿನ ಎಂಟು ತುಂಡು. ಹೊರಗಿನ ವೃತ್ತದ ಗೆರೆ ಎಲ್ಲಕ್ಕಿಂತ ಕೊನೆಗೆ. ಹೊರಗಿನಿಂದ ಶುರು ಮಾಡಿದರೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ, ಒಳಗಿನ ಮೂಲೆಗೆ ಬ್ಲೇಡು ಒತ್ತಿದಾಗ ಕಡ್ಡಿ ಪಟ್ಟಂತ ಮುರಿಯುತ್ತದೆ. ಒಂದೇ ಸಲಕ್ಕೆ ಒತ್ತಬೇಡಿ, ಒಂದೇ ಗೆರೆಯ ಮೇಲೆ ಹಗುರವಾಗಿ ಐದಾರು ಸಲ ಎಳೆಯಿರಿ. ಮೂಲೆಗೆ ಬಂದಾಗ ಬ್ಲೇಡಿನ ತುದಿ ಚುಚ್ಚಿ, ಅಲ್ಲಿಂದ ಹೊರಕ್ಕೆ ಎಳೆಯಿರಿ. ಎರಡು ಬಿಲ್ಲೆಗೊಂದು ಹೊಸ ಬ್ಲೇಡು. ಬ್ಲೇಡಿನಲ್ಲಿ ಉಳಿತಾಯ ಮಾಡಿದವರ ಚಕ್ರ ದೂರದಿಂದಲೇ ಗೊತ್ತಾಗುತ್ತದೆ.

ಇನ್ನು ನೀರು ಬಡಿಯುವ ಹಲಗೆಗಳು. ಚಕ್ರಕ್ಕೆ ಎಂಟು, ಒಟ್ಟು ಹದಿನಾರು. ನಾನು ಮೊದಲ ಸಲ ಎಡವಿದ್ದು ಇಲ್ಲಿಯೇ. ಚಕ್ರದ ಅಗಲ 12 ಮಿ.ಮೀ. ಅಂತ ಹಲಗೆಯನ್ನೂ 12ಕ್ಕೆ ಕತ್ತರಿಸಿದ್ದೆ. ಎರಡು ಬದಿಯ ಬಿಲ್ಲೆಗಳ ದಪ್ಪ ಸೇರಿದಾಗ ಚಕ್ರ ಹದಿಮೂರೂವರೆ ಆಯಿತು, ಕೂರಬೇಕಾದ ಜಾಗದಲ್ಲಿ ಕೂರಲಿಲ್ಲ. ಹಲಗೆ 10.5 ಮಿ.ಮೀ. ಉದ್ದ, 6 ಮಿ.ಮೀ. ಅಗಲ ಇರಲಿ.

ಒಂದು ಬಿಲ್ಲೆಯನ್ನು ಹಾಲಿನ ಪ್ಯಾಕೆಟ್ಟಿನ ಮೇಲೆ ಮಲಗಿಸಿ ನಡುವೆ ಅಚ್ಚಿನ ಕಡ್ಡಿ, ಅಂದರೆ ಚಕ್ರ ತಿರುಗಲು ನಡುವೆ ಹಾಯುವ ಕಡ್ಡಿ, ನೆಟ್ಟಗೆ ನಿಲ್ಲಿಸಿ. ಅಚ್ಚಿಗೆ ಊದುಬತ್ತಿಯ ಕಡ್ಡಿ ಒಳ್ಳೆಯದು, ಬಿದಿರು, ನೆಟ್ಟಗಿರುತ್ತದೆ, ಒಂದೇ ದಪ್ಪ ಇರುತ್ತದೆ. ಹಿಡಿಸೂಡಿಯ (ತೆಂಗಿನ ಗರಿಯ ಪೊರಕೆಯ) ಕಡ್ಡಿ ಅಚ್ಚಿಗೆ ಆಗುವುದಿಲ್ಲ, ತುದಿಗೆ ಹೋಗುತ್ತಾ ಸಪೂರ ಆಗುತ್ತದೆ, ಚಕ್ರ ವಾಲಾಡುತ್ತದೆ. ಗಡಿಯಾರದ 12, 3, 6, 9ರ ಜಾಗದ ಕಡ್ಡಿಗಳ ಮೇಲೆ ಮೊದಲ ನಾಲ್ಕು ಹಲಗೆ ಅಂಟಿಸಿ. ಹಲಗೆ ಕಡ್ಡಿಯ ಹೊರತುದಿಯಲ್ಲಿ, ಬಳೆಯ ಹೊರಗೆ ಬರಬೇಕು. ಬೆಂಕಿಪೊಟ್ಟಣದ ಮೂಲೆಯನ್ನು ತಾಗಿಸಿ ಹಲಗೆ ನೆಟ್ಟಗಿದೆಯಾ ನೋಡಿ. ಅವು ಹಿಡಿದ ಮೇಲೆ ಉಳಿದ ನಾಲ್ಕು. ಆಮೇಲೆ ಎರಡನೇ ಬಿಲ್ಲೆಯನ್ನು ಅದೇ ಅಚ್ಚಿನಲ್ಲಿ ಇಳಿಸಿ, ಮೇಲಿನ ಕಡ್ಡಿ ಕೆಳಗಿನ ಕಡ್ಡಿಯ ನೇರಕ್ಕೇ ಬರುವ ಹಾಗೆ ತಿರುಗಿಸಿ, ಒಂದೊಂದೇ ಹಲಗೆಯ ಅಂಚಿಗೆ ಹಲ್ಲುಕಡ್ಡಿಯಿಂದ ಅಂಟು ಮುಟ್ಟಿಸಿ. ಈ ಹಂತದಲ್ಲಿ ಅಚ್ಚಿಗೆ ಅಂಟು ತಾಗಬಾರದು.

ಪೂರ್ತಿ ಒಣಗಿ, ಬಣ್ಣ ಹಚ್ಚಿ, ಅದೂ ಒಣಗಿದ ಮೇಲೆ ಕಡ್ಡಿಗಳಿಗೆ ಫೆವಿಕ್ವಿಕ್ ಕುಡಿಸಿ. ಹಲ್ಲುಕಡ್ಡಿಯ ತುದಿಯಲ್ಲಿ ಒಂದು ಹನಿ ಮುಟ್ಟಿಸಿದರೆ ಸಾಕು, ಕಾಗದವೇ ಎಳೆದುಕೊಳ್ಳುತ್ತದೆ, ಆಮೇಲೆ ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿ. ಕಿಟಕಿ ತೆರೆದಿಟ್ಟುಕೊಳ್ಳಿ, ಮುಖ ಹತ್ತಿರ ತರಬೇಡಿ, ಹೊಗೆ ಕಣ್ಣಿಗೆ ಬಡಿಯುತ್ತದೆ. ಬಣ್ಣ ಆಮೇಲೆ ಹಚ್ಚುತ್ತೇನೆ ಅಂದರೆ ಅದರ ಮೇಲೆ ಪೋಸ್ಟರ್ ಕಲರ್ ಹಿಡಿಯುವುದಿಲ್ಲ. ಸ್ಕೆಚ್ ಪೆನ್ನು ಬೇಡ, ಕತ್ತರಿಸಿದ ಅಂಚಿನಲ್ಲಿ ಹಬ್ಬುತ್ತದೆ.

ಎರಡೂ ಚಕ್ರ ಕೈಯಲ್ಲಿ ಸಿಕ್ಕಿತಾ? ಈಗ ಒಡಲಿನ ಲೆಕ್ಕ ತಾನಾಗಿ ಬರುತ್ತದೆ. ಚಕ್ರ ಮೊದಲು ಅಂದದ್ದು ಇದಕ್ಕೇ. ಚಕ್ರದ ಅರ್ಧ 23 ಮಿ.ಮೀ. ಕೆಳಗಿನ ಹಲಗೆ ಪೂರ್ತಿ ಮುಳುಗಬೇಕು, ಅಂದರೆ 6 ಮಿ.ಮೀ. ನೀರಿನೊಳಗೆ. ಉಳಿದದ್ದು 17. ಅಚ್ಚು ನೀರಿನಿಂದ 17 ಮಿ.ಮೀ. ಮೇಲೆ ಇರಬೇಕು. ಡೆಕ್ಕು 15ರಲ್ಲಿ ಇದೆ. ಹಾಗಾದರೆ ಡೆಕ್ಕಿನ ಮೇಲೆ ಎರಡು ಮಿ.ಮೀ. ಎತ್ತರದಲ್ಲಿ ಅಚ್ಚು ಹಾದುಹೋಗುತ್ತದೆ, ಒಡಲನ್ನು ತೂತು ಮಾಡುವುದೇ ಬೇಡ. ಆದರೆ ನಿಮ್ಮ ಚಕ್ರ ಕತ್ತರಿಸುವಾಗ 44 ಆಗಿದ್ದರೆ? ಆಗಿರುತ್ತದೆ. ಆಗ ಒಡಲನ್ನು ಒಂದು ಮಿ.ಮೀ. ತಗ್ಗಿಸಿದರೆ ಆಯಿತು. ಒಡಲು ಮೊದಲೇ ಆಗಿದ್ದರೆ ಏನು ಮಾಡುತ್ತಿದ್ದಿರಿ?

ಒಡಲಿನ ಕೆಲಸ ಸರಳ. 457 ಮಿ.ಮೀ. ಉದ್ದ, 40 ಅಗಲದ ತಳ, ಎರಡೂ ತುದಿಯಲ್ಲಿ ಆರೇಳು ಸೆಂ.ಮೀ. ಬಿಟ್ಟು ಚೂಪು ಮಾಡಿ. ರಟ್ಟಿನಲ್ಲಿ ನಡುವೆ ಒಂದು ಉದ್ದದ ಬೆನ್ನುಪಟ್ಟಿ, ಮೂರು ನಾಲ್ಕು ಸೆಂ.ಮೀ.ಗೊಂದು ಅಡ್ಡಪಟ್ಟಿ. ಬೆನ್ನುಪಟ್ಟಿಯನ್ನು ಮೇಲಿನಿಂದ ಅರ್ಧ, ಅಡ್ಡಪಟ್ಟಿಯನ್ನು ಕೆಳಗಿನಿಂದ ಅರ್ಧ ಸೀಳಿ ಒಂದಕ್ಕೊಂದು ಸಿಕ್ಕಿಸುವುದು. ಸೀಳು ರಟ್ಟಿನ ದಪ್ಪಕ್ಕೆ ಸರಿಯಾಗಿ ಇರಲಿ, ಸಡಿಲ ಆದರೆ ಒಡಲು ತಿರುಚುತ್ತದೆ. ಎ4 ಹಾಳೆಯಲ್ಲಿ ಇಷ್ಟು ಉದ್ದ ಸಿಗುವುದಿಲ್ಲ, ಪಕ್ಕದ ಪಟ್ಟಿ ಎರಡು ತುಂಡು ಆಗಲೇಬೇಕು. ಆ ಜೋಡಣೆ ಚಕ್ರದ ಹಿಂದೆ ಬರುವ ಹಾಗೆ ನೋಡಿಕೊಳ್ಳಿ, ಯಾರಿಗೂ ಕಾಣುವುದಿಲ್ಲ. ಬೆನ್ನುಪಟ್ಟಿಯ ಜೋಡಣೆ ಮಾತ್ರ ಅದೇ ಜಾಗದಲ್ಲಿ ಬೇಡ, ಒಂದು ಗೇಣು ಆಚೆ ಇರಲಿ. ಡೆಕ್ಕು ಮೊದಲು, ಪಕ್ಕ ಆಮೇಲೆ.

ನೀವು ಕಂಪ್ಯೂಟರಿನಲ್ಲಿ ಗೆರೆ ಹಾಕಿ ಪ್ರಿಂಟ್ ತೆಗೆಸುವುದಾದರೆ ಹಾಳೆಯ ಮೂಲೆಯಲ್ಲಿ ಸರಿಯಾಗಿ 100 ಮಿ.ಮೀ.ನ ಒಂದು ಗೆರೆ ಹಾಕಿಡಿ. ಒಮ್ಮೆ ಪೇಟೆಯ ಒಂದು ಪ್ರಿಂಟಿನ ಅಂಗಡಿಯಲ್ಲಿ ಹಾಳೆಗೆ ಹೊಂದಿಸುವ ಸೆಟ್ಟಿಂಗ್ ಬಿಟ್ಟುಬಿಟ್ಟಿದ್ದರು. ಎಲ್ಲ ಭಾಗವೂ ನೂರಕ್ಕೆ ಮೂರರಷ್ಟು ಸಣ್ಣದಾಗಿ ಬಂದಿತ್ತು. ನಾನು ನೋಡದೆ ಅರ್ಧ ಅದರಲ್ಲಿ, ಅರ್ಧ ಹಳೆ ಪ್ರಿಂಟಿನಲ್ಲಿ ಕತ್ತರಿಸಿದೆ. ಡೆಕ್ಕು ಒಡಲಿಗಿಂತ 14 ಮಿ.ಮೀ. ಗಿಡ್ಡ. ಈಗ ಅಂಗಡಿಯಲ್ಲಿ ನಿಂತೇ ಸ್ಕೇಲು ಇಟ್ಟು ಅಳೆಯುತ್ತೇನೆ, ಅವರು ನಗುತ್ತಾರೆ, ನಗಲಿ. ಇಂಕ್‌ಜೆಟ್ ಪ್ರಿಂಟಿಗೆ ಫೆವಿಕಾಲಿನ ನೀರು ತಾಗಿದರೆ ಬಣ್ಣ ಹರಡುತ್ತದೆ. ಲೇಸರ್ ಪ್ರಿಂಟ್ ಹರಡುವುದಿಲ್ಲ, ಆದರೆ ಮಡಿಕೆಯಲ್ಲಿ ಸಿಪ್ಪೆ ಏಳುತ್ತದೆ. ನಾನು ಲೇಸರ್ ತೆಗೆಸಿ ಮಡಿಕೆಗೆ ಬಣ್ಣ ಮುಟ್ಟಿಸುತ್ತೇನೆ.

ಡೆಕ್ಕಿನ ಮೇಲೆ ಪೆನ್ಸಿಲಿನಲ್ಲಿ ಹಲಗೆ ಗೆರೆ ಎಳೆದರೆ ಸಾಕು. ಇಂಜಿನ್ನು ಇಂಗ್ಲೆಂಡಿನ ಬೋಲ್ಟನ್ ಆ್ಯಂಡ್ ವ್ಯಾಟ್ ಕಂಪನಿಯದ್ದು. ಅದರ ಸಿಲಿಂಡರ್ 24 ಇಂಚು, ನಮಗೆ 6 ಮಿ.ಮೀ. ಕೊಳವೆ. ಸೌದೆ ಉರಿಸಿ ಓಡುತ್ತಿದ್ದ ಹಡಗು, ಹಾಗಾಗಿ ಸಣ್ಣ ಸೌದೆ ರಾಶಿ ಇಟ್ಟರೆ ಜೀವ ಬರುತ್ತದೆ. ಸೌದೆಗೆ ಹಿಡಿಸೂಡಿಯ ಕಡ್ಡಿಯನ್ನು ಒಂದು ಸೆಂ.ಮೀ. ತುಂಡು ಮಾಡಿ. ಕಂಬಗಳಿಗೂ ಅದೇ ಕಡ್ಡಿ, ಬುಡ ದಪ್ಪ, ತುದಿ ಸಪೂರ, ಹಡಗಿನ ಕಂಬ ಇರುವ ಹಾಗೆಯೇ. ಅಮ್ಮ ಗುಡಿಸುವಾಗ, "ಈ ಹಿಡಿಸೂಡಿ ಯಾಕೆ ಮಾರಾಯಾ ದಿನಕ್ಕೊಂದು ಚೂರು ಸಪೂರ ಆಗ್ತಾ ಇದೆ" ಅಂತ ಕೇಳಿದ್ದುಂಟು.

ಅಡಿಪಾಯಕ್ಕೆ 12 ಮಿ.ಮೀ. ಥರ್ಮಾಕೋಲ್. ಚಕ್ರ ತಿರುಗಬೇಕಾದರೆ ಅದರಲ್ಲಿ ಗುಂಡಿ ಬೇಕು. ನೀರಿನ ಮಟ್ಟದಲ್ಲಿ ಚಕ್ರ 31 ಮಿ.ಮೀ. ಉದ್ದ ಬರುತ್ತದೆ, ಗುಂಡಿ 35 ಉದ್ದ, 15 ಅಗಲ, 8 ಆಳ ಇಟ್ಟರೆ ತಾಗುವುದಿಲ್ಲ. ಚಕ್ರದ ಕೆಳಭಾಗ ಕತ್ತರಿಸಿ ನೀರಿನ ಮೇಲೆ ಅಂಟಿಸಿಬಿಡುವವರೂ ಇದ್ದಾರೆ. ಫೋಟೋದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ನನಗೆ ಮನಸ್ಸು ಬರುವುದಿಲ್ಲ. ಥರ್ಮಾಕೋಲಿನ ಮೇಲೆ ತೆಳು ಕಾಗದ ಸುಕ್ಕು ಮಾಡಿ ಅಂಟಿಸಿ ಬಣ್ಣ ಕೊಡಿ. ನೀಲಿ ಬೇಡ, ನದಿ ಯಾವಾಗ ನೀಲಿ ಇರುತ್ತದೆ? ನಾನು ಜುಲೈ ತಿಂಗಳ ಚಂದ್ರಗಿರಿಯ ಕೆಂಪು ಮಣ್ಣಿನ ಬಣ್ಣ ಕೊಟ್ಟೆ. ಹಡ್ಸನ್ನಿನವರು ಕ್ಷಮಿಸಲಿ.

ಅಚ್ಚನ್ನು 72 ಮಿ.ಮೀ.ಗೆ ಕತ್ತರಿಸಿ. ಒಡಲಿನ 40, ಎರಡು ಬದಿ ಚಕ್ರ 24, ಉಳಿದದ್ದು ಸಂದು. ಡೆಕ್ಕಿನ ಎರಡೂ ಅಂಚಿಗೆ ಕಾಗದದ ಪುಟ್ಟ ಕೊಳವೆ ಅಂಟಿಸಿ, ಅದರೊಳಗಿನಿಂದ ಅಚ್ಚು ತೂರಿಸಿ, ಚಕ್ರಗಳನ್ನು ಅಚ್ಚಿಗೆ ಈಗ ಅಂಟಿಸಿ. ಅಂಟು ಕೊಳವೆಯೊಳಗೆ ಇಳಿಯದಂತೆ ಅಲ್ಲಿ ಮೇಣದ ಬತ್ತಿ ತಿಕ್ಕಿಡಿ. ಒಣಗಿದ ಮೇಲೆ ಬದಿಯಿಂದ ಫೂ ಅಂತ ಊದಿ. ಚಕ್ರ ತಿರುಗಬೇಕು. ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಒಂದು ಹಲಗೆ ಭಾರ ಜಾಸ್ತಿ ಆಗಿದೆ ಅಥವಾ ಗುಂಡಿಯ ಅಂಚಿಗೆ ಉಜ್ಜುತ್ತಿದೆ.

ಎರಡನೆಯದಕ್ಕೆ ಹಿಂಬದಿಯಲ್ಲಿ ಚಕ್ರ ಇರುವ ಡೆಲ್ಟಾ ಕ್ವೀನ್ ಮಾಡಬಹುದು. 1927ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿಯಲ್ಲಿ ಓಡಲು ಶುರು ಮಾಡಿದ ಹಡಗು. 285 ಅಡಿ ಉದ್ದ, 1:250ರಲ್ಲಿ 35 ಸೆಂ.ಮೀ.ಗೆ ಚೂರು ಕಡಿಮೆ. ಚಕ್ರ ಒಂದೇ, ಆದರೆ ಕಟಾಂಜನದ ಕೆಲಸ ಬೆನ್ನು ಮುರಿಯುತ್ತದೆ. ನಾನು ಅದನ್ನು ಬಿಟ್ಟು ಈ ಕಡೆಯ ಹಡಗಿಗೆ ಕೈ ಹಾಕಿದೆ. ಕಲ್ಕತ್ತಾದ ಗಾರ್ಡನ್ ರೀಚ್‌ನಲ್ಲಿ ಕಟ್ಟಿ, ಆಮೇಲೆ ಬಾಂಗ್ಲಾದೇಶದ ನದಿಗಳಲ್ಲಿ ದಶಕಗಟ್ಟಲೆ ಓಡಿದ ಮಾಸೂದ್, ಆಸ್ಟ್ರಿಚ್ ಸ್ಟೀಮರುಗಳಿವೆಯಲ್ಲ, ಅಲ್ಲಿಯವರು ರಾಕೆಟ್ ಅನ್ನುವುದು, ಅಂಥದ್ದು. ಕಲ್ಕತ್ತಾಕ್ಕೆ ಈ ಕೆಲಸ ಹೊಸದಲ್ಲ, ಖಿದಿರ್‌ಪುರದಲ್ಲಿ 1823ರಲ್ಲೇ ಡಯಾನಾ ಎಂಬ ಚಕ್ರದ ಸ್ಟೀಮರ್ ನೀರಿಗಿಳಿದು ಮರುವರ್ಷ ಬರ್ಮಾ ಯುದ್ಧಕ್ಕೆ ಹೋಗಿತ್ತು.

ರಾಕೆಟ್ಟಿನಲ್ಲಿ ಒಂದೇ ತೊಂದರೆ. ಚಕ್ರಗಳು ಎರಡು ಪಕ್ಕದ ದೊಡ್ಡ ಪೆಟ್ಟಿಗೆಗಳೊಳಗೆ ಮುಚ್ಚಿಹೋಗಿವೆ, ಹೊರಗಿನಿಂದ ಹೆಚ್ಚು ಕಾಣುವುದಿಲ್ಲ. ಪೆಟ್ಟಿಗೆ ಮಾತ್ರ ಮಾಡಿ ಅಂಟಿಸಿದರೆ ಒಂದು ವಾರದ ಕೆಲಸ ಉಳಿಯುತ್ತದೆ. ನಾನು ಎರಡೂ ಚಕ್ರ ಮಾಡಿ ಮುಗಿಸಿದ್ದೇನೆ. ಪೆಟ್ಟಿಗೆಯ ಮೇಲಿನ ಮುಚ್ಚಳ ಮಾತ್ರ ಅಂಟಿಸಿಲ್ಲ, ಮನೆಗೆ ಯಾರಾದರೂ ಬಂದರೆ ತೆಗೆದು ತೋರಿಸುತ್ತೇನೆ.